ಆರು ಸೆಷನ್ನಿನ ಪ್ಯಾಕೇಜು ಮತ್ತು ನಮ್ಮನೆ ಮೇಷ್ಟ್ರು

ಮೊದಲು ಲೆಕ್ಕ. ಇದು ಫೋನಿನ ಆ್ಯಪ್‌ನಲ್ಲಿ ಸಿಗುವ ವಿಡಿಯೊ ಕೌನ್ಸೆಲಿಂಗ್. ಒಂದು ಸೆಷನ್ 50 ನಿಮಿಷ, 1,200 ರೂಪಾಯಿ. ಆರು ಒಟ್ಟಿಗೆ ತೆಗೆದುಕೊಂಡರೆ 6,300. ನಾನು ಕೊಡುತ್ತಿರುವುದು 5ಕ್ಕೆ 3 ಸ್ಟಾರ್. ಮೊದಲನೇ ಕೌನ್ಸೆಲರ್‌ಗೆ 1, ಎರಡನೆಯವರಿಗೆ 5, ಕೂಡಿಸಿ ಭಾಗಿಸಿದ್ದು. 31 ವರ್ಷ ಬ್ಯಾಂಕಿನಲ್ಲಿದ್ದವನು, ಅಭ್ಯಾಸ ಬಿಡುವುದಿಲ್ಲ.

ಕಂಪನಿಯ ಹೆಸರು ಬರೆದಿಲ್ಲ. ಅಲ್ಲಿ ಕನ್ನಡ ಬಲ್ಲ ಕೌನ್ಸೆಲರ್‌ಗಳು ಇಬ್ಬರೇ. ಹೆಸರು ಹಾಕಿದರೆ ಇಬ್ಬರನ್ನೂ ಬೆರಳು ಮಾಡಿ ತೋರಿಸಿದ ಹಾಗೆ. ನನ್ನ ಹೆಸರೂ ಇಲ್ಲಿ ಇಲ್ಲ. ಅದಕ್ಕೆ ಕಾರಣ ಬೇರೆ. ಈ ವಿಮರ್ಶೆಯ ಮುಕ್ಕಾಲು ಪಾಲು ಆ ಕಾರಣದ ಬಗ್ಗೆಯೇ ಇದೆ, ಬೇಸರವಾದರೆ ಇಲ್ಲೇ ನಿಲ್ಲಿಸಬಹುದು.

ನನಗೆ 58. ಶಿವಮೊಗ್ಗದಲ್ಲಿ ವಾಸ. ಮದುವೆ ಆಗಿಲ್ಲ. 1998ರಲ್ಲಿ ಸಾಗರದ ಬ್ರಾಂಚಿಗೆ ವರ್ಗವಾದಾಗ ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಹೆಂಚಿನ ಮನೆಯ ಮಹಡಿ. ಕೆಳಗೆ ಹೈಸ್ಕೂಲಿನ ಗಣಿತದ ಮೇಷ್ಟ್ರು ಒಬ್ಬರಿದ್ದರು. ಘಟ್ಟದ ಕೆಳಗಿನವರು, ಹೊನ್ನಾವರದ ಕಡೆ. ಆ ಮಳೆಗಾಲದಲ್ಲಿ ಹೆಂಚು ಸೋರಿ ಹಾಸಿಗೆಯೆಲ್ಲ ಒದ್ದೆಯಾಯಿತು. ಸುತ್ತಿಕೊಂಡು ಕೆಳಗಿಳಿದೆ. ಆಮೇಲೆ ಹೆಂಚು ರಿಪೇರಿಯಾಯಿತು. ನಾನು ಮಾತ್ರ ಮೇಲೆ ಹೋಗಲಿಲ್ಲ.

ಅಲ್ಲಿಂದ 27 ವರ್ಷ. ಜನರ ಎದುರು ನಾನು ಅವರಿಗೆ 'ಮೇಷ್ಟ್ರೇ, ನೀವು'. ಅವರು ನನಗೆ 'ಮ್ಯಾನೇಜರ್ರೇ'. ನಾನು ಕ್ಲರ್ಕ್ ಆಗಿದ್ದಾಗಲೂ ಹಾಗೇ ಕರೆಯುತ್ತಿದ್ದರು. ಮನೆಯೊಳಗೆ ಇಬ್ಬರೂ 'ಏನೋ'.

ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆ ಕೆಟ್ಟಿತು. ಸುಮ್ನೆ ಕೂತಿರುತ್ತಿದ್ದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಬಂದು ನೋಡಿ, ವಾಪಸ್ ಹೋಗಿ, ಈ ಪ್ಯಾಕೇಜು ಕೊಂಡು ನನ್ನ ಫೋನಿಗೆ ಕಳಿಸಿದಳು. "ಮಾಮ, ಒಂದ್ಸಲ ಮಾತಾಡಿ ನೋಡು. ಎಲ್ಲಾನೂ ಮಾತಾಡು" ಅಂದಳು. 'ಎಲ್ಲಾನೂ' ಎಂಬುದನ್ನು ಸ್ವಲ್ಪ ಎಳೆದಳು. ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು.

ಆ್ಯಪ್ ಬಗ್ಗೆ ಎರಡು ಮಾತು. ಕನ್ನಡ ಎಂದು ಆರಿಸಿಕೊಂಡರೂ ಶುರುವಿನ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ. ಸಮಯ ಬದಲಿಸಬೇಕಾದರೆ 12 ಗಂಟೆ ಮುಂಚೆ ಹೇಳಬೇಕು. ನಮ್ಮೂರಿನಲ್ಲಿ ಜುಲೈ ತಿಂಗಳ ಕರೆಂಟು ಯಾವಾಗ ಹೋಗುತ್ತದೆ ಎಂದು 12 ಗಂಟೆ ಮುಂಚೆ ಯಾರು ಹೇಳುತ್ತಾರೆ? ನಾನು ತಾರಸಿ ಮೇಲಿನ ಶೀಟಿನ ಕೋಣೆಯಲ್ಲಿ ಕೂರುತ್ತಿದ್ದೆ. ಮೊದಲ ಸೆಷನ್‌ನ ಅರ್ಧ ಭಾಗ ಶೀಟಿನ ಮೇಲೆ ಮಳೆ ಬಿದ್ದು "ಕೇಳಿಸ್ತಿಲ್ಲ, ಇನ್ನೊಂದ್ಸಲ ಹೇಳಿ" ಎನ್ನುವುದರಲ್ಲೇ ಹೋಯಿತು. ಮೊದಲನೇ ಕೌನ್ಸೆಲರ್ ಬೇಸರ ಮಾಡಿಕೊಳ್ಳಲಿಲ್ಲ, ಅದನ್ನು ಹೇಳಬೇಕು.

ಆತ ಒಳ್ಳೆಯ ಹುಡುಗ. 30 ದಾಟಿರಲಿಕ್ಕಿಲ್ಲ. ನಾನು ಎಷ್ಟೋ ಸುತ್ತು ಬಳಸಿ ಮೇಷ್ಟ್ರ ವಿಷಯ ಹೇಳಿದಾಗ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. 58 ವರ್ಷದಲ್ಲಿ ಅಪರಿಚಿತನೊಬ್ಬನ ಎದುರು ಮೊದಲ ಸಲ ಹೇಳಿದ್ದು. ಎದೆ ಹೊಡೆದುಕೊಳ್ಳುತ್ತಿತ್ತು. ಆತ "ಥ್ಯಾಂಕ್ಯೂ ಫಾರ್ ಶೇರಿಂಗ್, ಅಂಕಲ್" ಅಂದ. ಅಲ್ಲಿಯವರೆಗೆ ಎಲ್ಲ ಸರಿ.

ಎರಡನೇ ಸೆಷನ್‌ಗೆ ಆತ ಒಂದು ವರ್ಕ್‌ಶೀಟ್ ಕಳಿಸಿದ. ಮೇಲೆ 'ಕಮಿಂಗ್ ಔಟ್ ಪ್ಲಾನ್' ಎಂದು ಬರೆದಿತ್ತು, ಅಂದರೆ ನನ್ನ ವಿಷಯ ಎಲ್ಲರಿಗೂ ಹೇಳಿಕೊಳ್ಳುವ ಯೋಜನೆ. ಕೆಳಗೆ ಚೌಕಗಳು. ಮೊದಲು ಯಾರಿಗೆ ಹೇಳುತ್ತೀರಿ, ಯಾವ ತಾರೀಕು, ಅವರು ಅತ್ತರೆ ಏನು ಮಾಡುತ್ತೀರಿ. ಲೋನಿನ ಕಂತಿನ ಪಟ್ಟಿ ಇದ್ದ ಹಾಗೆ ಇತ್ತು. ನೀವು ಇಷ್ಟು ವರ್ಷ ಕ್ಲಾಸೆಟ್‌ನಲ್ಲಿ ಇದ್ದೀರಿ, ನಿಮ್ಮ ನಿಜವಾದ ಬದುಕು ಇನ್ನೂ ಶುರುವಾಗಿಲ್ಲ ಎನ್ನುವ ಅರ್ಥದಲ್ಲಿ ಮಾತಾಡಿದ.

ಕ್ಲಾಸೆಟ್ ಅಂದರೆ ಬಟ್ಟೆ ಇಡುವ ಕಪಾಟಂತೆ, ಅದರಲ್ಲಿ ಇರುವುದು ಅಂದರೆ ಗುಟ್ಟಾಗಿ ಬದುಕುವುದಂತೆ. ನಮ್ಮನೆಯಲ್ಲಿ ಇರುವುದು ಒಂದು ಕಬ್ಬಿಣದ ಬೀರು. ಅದರಲ್ಲಿ ಅಮ್ಮನ ಸೀರೆಗಳು, ಎಫ್‌ಡಿ ರಸೀದಿ, ನುಸಿಗುಳಿಗೆ ಇವೆ. ನಾನು ಅದರೊಳಗೆ ಎಂದೂ ಇರಲಿಲ್ಲ. ನಾನು ಇದ್ದದ್ದು ಸಾಗರದ ಹೆಂಚಿನ ಮನೆಯಲ್ಲಿ, ಆಮೇಲೆ ಶಿವಮೊಗ್ಗದಲ್ಲಿ ಇಬ್ಬರೂ ಸೇರಿ ಕಟ್ಟಿಸಿದ ಮನೆಯಲ್ಲಿ. ಭಾನುವಾರ ಮೀನಿನ ಮಾರ್ಕೆಟ್ಟಿಗೆ ಮೇಷ್ಟ್ರು ಹೋಗುತ್ತಿದ್ದರು, ನಾನು ಹೊರಗೆ ಸ್ಕೂಟರ್ ಹಿಡಿದು ನಿಲ್ಲುತ್ತಿದ್ದೆ. ವಾಸನೆ ನನಗೆ ಆಗುವುದಿಲ್ಲ. ನನ್ನ ನಿಜವಾದ ಬದುಕು ಶುರುವಾಗಿಲ್ಲ ಎಂದು 50 ನಿಮಿಷದಲ್ಲಿ ಗೊತ್ತಾಗಲು ಆ ಹುಡುಗನ ಬಳಿ ಏನು ಮೀಟರ್ ಇತ್ತೋ!

ಅಮ್ಮನ ವಿಷಯಕ್ಕೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅಮ್ಮನಿಗೆ ನಾನು ಹೇಳಿರಲಿಲ್ಲ. ಅವಳು ಕೇಳಿರಲಿಲ್ಲ. ಆದರೆ ಪ್ರತಿ ವರ್ಷ ಬೇಸಿಗೆಯಲ್ಲಿ ಹಪ್ಪಳ ಮಾಡಿದಾಗ ಎರಡು ಡಬ್ಬ ಬರುತ್ತಿತ್ತು. ಒಂದರ ಮೇಲೆ ಚೀಟಿ: 'ಮೇಷ್ಟ್ರಿಗೆ, ಉಪ್ಪು ಕಡಿಮೆ'. ಅವರಿಗೆ ಬಿಪಿ ಇದೆ ಎಂದು ನನಗಿಂತ ಮೊದಲು ತಿಳಿದುಕೊಂಡವಳು ಅವಳೇ. ಅಮ್ಮನಿಗೆ ಮೇಷ್ಟ್ರ ಬಗ್ಗೆ ಒಂದು ತಕರಾರು ಇದ್ದದ್ದು ಹೌದು, ಮೀನು ತಿನ್ನುತ್ತಾರೆ ಎಂದು. ಹತ್ತು ವರ್ಷ ಅವರ ತಟ್ಟೆ ಬೇರೆ ಇಟ್ಟಿದ್ದಳು. ಆಮೇಲೆ ಯಾವಾಗಲೋ ಅದು ಬೇರೆ ತಟ್ಟೆಗಳ ಜೊತೆ ಸೇರಿಹೋಯಿತು, ಯಾರೂ ಮಾತಾಡಲಿಲ್ಲ. ಕೊನೆಯ ವಾರ ಹಾಸಿಗೆ ಹಿಡಿದಾಗ ಅವರನ್ನು ಹತ್ತಿರ ಕರೆದು, "ಮೇಷ್ಟ್ರೇ, ಇವನು ರಾತ್ರಿ ಊಟ ಬಿಟ್ಟುಬಿಡ್ತಾನೆ, ನೋಡಿಕೊಳ್ಳಿ" ಅಂದಳು.

ಇದನ್ನು ಹೇಳಿದೆ. ಹುಡುಗ ತಲೆಯಾಡಿಸಿ, "ದಟ್ಸ್ ಡಿನಯಲ್, ಅಂಕಲ್. ಅವರು ನಿಜವನ್ನು ಎದುರಿಸಲಿಲ್ಲ" ಅಂದ.

ಫೋನ್ ಇಟ್ಟು ಕೆಳಗಿಳಿದೆ. 1 ಸ್ಟಾರ್ ಅದಕ್ಕೆ.

ರಾತ್ರಿ ಮಲಗಿದಾಗ ಒಂದು ಹಳೇ ಸಂಗತಿ ನೆನಪಾಯಿತು. 1993ರಲ್ಲಿ, 26ನೇ ವಯಸ್ಸಿನಲ್ಲಿ, ಯಾವುದೋ ಊರಿನ ಒಬ್ಬ ಡಾಕ್ಟರ ಹತ್ತಿರ ಒಬ್ಬನೇ ಹೋಗಿದ್ದೆ. ನನಗೆ ಹೆಣ್ಣುಮಕ್ಕಳ ಮೇಲೆ ಮನಸ್ಸು ಹೋಗುವುದಿಲ್ಲ ಎಂದು ತಡವರಿಸಿ ಹೇಳಿದ್ದೆ. ಅವರು ತಲೆ ಎತ್ತದೆ ಒಂದು ಟಾನಿಕ್ ಬರೆದರು. "ಮದುವೆ ಆಗು, ಎಲ್ಲ ಸರಿಹೋಗುತ್ತೆ" ಅಂದರು. ಈಗ 32 ವರ್ಷದ ಮೇಲೆ ಈ ಹುಡುಗ "ಎಲ್ಲರಿಗೂ ಹೇಳಿ, ಎಲ್ಲ ಸರಿಹೋಗುತ್ತೆ" ಅನ್ನುತ್ತಿದ್ದಾನೆ. ಇವನಿಗೂ ಆ ಡಾಕ್ಟರಿಗೂ ಹೋಲಿಕೆ ಮಾಡುವುದು ಅನ್ಯಾಯ ಎಂದು ಗೊತ್ತು. ಅವರು ನನ್ನನ್ನು ರೋಗಿ ಅಂದುಕೊಂಡಿದ್ದರು, ಇವನು ಮನುಷ್ಯ ಅಂದುಕೊಂಡಿದ್ದಾನೆ. ಹೀಗೆ ಮನಸ್ಸು ತಿದ್ದುತ್ತೇವೆ ಎನ್ನುವ ಚಿಕಿತ್ಸೆಯನ್ನು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ವೃತ್ತಿದ್ರೋಹ ಅಂದಿದೆ. ಆದರೂ ಇಬ್ಬರೂ ಚೀಟಿ ಬರೆಯುವ ಅವಸರದಲ್ಲಿದ್ದರು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಹೇಳಿಕೊಂಡವರ ಬಗ್ಗೆ ನನಗೆ ಒಂದು ಚೂರೂ ಅಸಡ್ಡೆ ಇಲ್ಲ. ಬೆಂಗಳೂರಿನಲ್ಲಿ 1994ರಿಂದಲೇ 'ಗುಡ್ ಆಸ್ ಯೂ' ಎಂಬ ನಮ್ಮಂಥವರ ಗುಂಪು ಗುರುವಾರ ಗುರುವಾರ ಸೇರುತ್ತಿತ್ತು. ಟ್ರೈನಿಂಗಿಗೆ ಹೋದಾಗ ಎರಡು ಸಲ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೇನೆ. ಒಳಗಿನಿಂದ ನಗು ಕೇಳುತ್ತಿತ್ತು. 2008ರಿಂದ ಅಲ್ಲಿ ಮೆರವಣಿಗೆ ನಡೆಯುತ್ತಿದೆ, ಶುರುವಿನಲ್ಲಿ ಮುಖವಾಡ ಹಾಕಿಕೊಂಡು ನಡೆದವರೂ ಇದ್ದರು. ಅವರೆಲ್ಲ ಬೀದಿಗೆ ಇಳಿಯದೆ ಇದ್ದಿದ್ದರೆ, ಕೋರ್ಟಿಗೆ ಹೆಸರು ಕೊಟ್ಟು ನಿಲ್ಲದೆ ಇದ್ದಿದ್ದರೆ, ನಮ್ಮಂಥವರ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 1860ರ ಆ 377ನೇ ಕಲಂ ಇನ್ನೂ ನನ್ನ ತಲೆ ಮೇಲೆ ತೂಗುತ್ತಿತ್ತು. 2009ರಲ್ಲಿ ದಿಲ್ಲಿ ಹೈಕೋರ್ಟ್ ಬಿಡಿಸಿತು, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟಿತು. 2018ರ ಸೆಪ್ಟೆಂಬರ್ 6ರಂದು ಕೊನೆಗೂ ಬಿಚ್ಚಿತು.

ಆ ದಿನ ನಾನು ಕೌಂಟರಿನಲ್ಲಿದ್ದೆ. ಹಾಲಿನ ಟಿವಿಯಲ್ಲಿ ಸುದ್ದಿ ಓಡುತ್ತಿತ್ತು. ಪಕ್ಕದವರು ಏನೋ ಜೋಕು ಹೊಡೆದರು. ನಾನೂ ನಕ್ಕೆ. ಅದಕ್ಕೆ ಈಗಲೂ ನಾಚಿಕೆಯಿದೆ. ಸಂಜೆ ಮನೆಗೆ ಬಂದರೆ ಮೇಷ್ಟ್ರು ಶ್ಯಾವಿಗೆ ಪಾಯಸ ಮಾಡಿದ್ದರು. ಹಬ್ಬ ಇರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎರಡು ಲೋಟ ಕುಡಿದೆವು.

ಹಾಗೆ ನೋಡಿದರೆ ನನ್ನ ಮಟ್ಟಿಗೆ ದೊಡ್ಡ ತೀರ್ಪು ಅದರ ಹಿಂದಿನ ವರ್ಷದ್ದು, 2017ರ ಆಗಸ್ಟ್ 24ರದು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯಕ್ಕೆ ಹಾಕಿದ್ದ ಅರ್ಜಿ ಅದು. ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಯಾರ ಮೇಲೆ ಮನಸ್ಸು ಎಂಬುದೂ ಅದರೊಳಗೆ ಬರುತ್ತದೆ ಎಂದರು. ನಾನು ಓದಿಕೊಂಡದ್ದು ಹೀಗೆ: ಹೇಳುವ ಹಕ್ಕು ಎಷ್ಟಿದೆಯೋ, ನನ್ನಲ್ಲೇ ಇಟ್ಟುಕೊಳ್ಳುವ ಹಕ್ಕೂ ಅಷ್ಟೇ ಇದೆ. ಆ ವರ್ಕ್‌ಶೀಟಿನಲ್ಲಿ 'ಹೇಳದೆ ಇರುತ್ತೇನೆ' ಎಂಬ ಚೌಕವೇ ಇರಲಿಲ್ಲ.

ಒಂದು ಗೆರೆ ಮಾತ್ರ ನಾನು ಎಳೆದುಕೊಂಡಿದ್ದೇನೆ. ಗುಟ್ಟು ಬೇರೆ, ಮೋಸ ಬೇರೆ. ನನಗೆ ಪರಿಚಯದ ಒಬ್ಬ ಮನೆಯವರ ಒತ್ತಾಯಕ್ಕೆ ಮದುವೆಯಾದ. ಆ ಹೆಣ್ಣುಮಗಳು 14 ವರ್ಷ ತನ್ನಲ್ಲೇ ಏನೋ ಕೊರತೆ ಎಂದುಕೊಂಡು ವ್ರತ ಮಾಡಿದಳು. ಅವನೂ ಖಾಸಗಿತನ ಎಂದೇ ಹೇಳುತ್ತಾನೆ. ಅವನ ಜೊತೆ ನಾನು ಮಾತು ಬಿಟ್ಟಿದ್ದೇನೆ. ನನಗೆ ಬಂದ ಸಂಬಂಧಗಳನ್ನು ಒಂದೊಂದೇ ಬೇಡ ಎನ್ನುವಾಗ ಅಮ್ಮ ಎರಡು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟು ಬೆಲೆ ಕಟ್ಟಲೇಬೇಕಿತ್ತು.

ಮೂರನೇ ಸೆಷನ್‌ಗೆ ಕೌನ್ಸೆಲರ್ ಬದಲಿಸಿದೆ. ಆ್ಯಪ್‌ನಲ್ಲಿ ಇದು ಸುಲಭ. ಕಾರಣ ಕೇಳುತ್ತಾರೆ, ಬರೆಯದಿದ್ದರೂ ನಡೆಯುತ್ತದೆ.

ಇವರು ಧಾರವಾಡದವರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು ಇರಬಹುದು. ಹಿಂದೆ ಗೋಡೆಯ ಮೇಲೆ ಕ್ಯಾಲೆಂಡರ್, ಒಮ್ಮೆ ಕುಕ್ಕರ್ ಸೀಟಿ ಕೂಡ ಕೇಳಿಸಿತು. ನನ್ನ ಕತೆಯನ್ನು ಪೂರ್ತಿ ಕೇಳಿ ಒಂದು ಪ್ರಶ್ನೆ ಹಾಕಿದರು. "ನಿಮ್ಮ ವಿಷಯ ಯಾರ್ಯಾರಿಗೆ ಗೊತ್ತದರೀ? ನೀವು ಹೇಳಿದವರನ್ನ ಬಿಡ್ರಿ. ಗೊತ್ತಿದ್ದವರನ್ನ ಎಣಸ್ರಿ."

ಎಣಿಸಿದೆ. ಅಮ್ಮ. ಅಕ್ಕ, ಯಾಕೆಂದರೆ ದೀಪಾವಳಿಗೆ ಪಂಚೆ ತರುವಾಗ ಎರಡು ತರುತ್ತಾಳೆ. ಅವಳ ಮಗಳು. ಭಾವನಿಗೆ ಗೊತ್ತೋ ಇಲ್ಲವೋ, ಅವರಿಗೆ ಯಾವುದೂ ಗೊತ್ತಾಗುವುದಿಲ್ಲ. ಸಾಗರದ ಹಳೇ ಮನೆ ಯಜಮಾನರು. ಮಹಡಿ ಖಾಲಿ ಬಿದ್ದಿದ್ದರೂ ಎರಡು ವರ್ಷ ಬಾಡಿಗೆ ತೆಗೆದುಕೊಂಡು ಏನೂ ಕೇಳದ ಪುಣ್ಯಾತ್ಮ. ಮನೆಗೆಲಸಕ್ಕೆ ಬರುವ ಹೆಂಗಸು. ದೇವಸ್ಥಾನದ ಅರ್ಚಕರು, ಇಬ್ಬರ ನಕ್ಷತ್ರವನ್ನೂ ಬಾಯಿಪಾಠ ಮಾಡಿಕೊಂಡು ಒಂದೇ ತಟ್ಟೆಯಲ್ಲಿ ಅರ್ಚನೆ ಮಾಡಿ ಕೊಡುತ್ತಾರೆ. ಮೇಷ್ಟ್ರ ಇಬ್ಬರು ಹಳೇ ವಿದ್ಯಾರ್ಥಿಗಳು. ಎಣಿಸುತ್ತಾ ಹೋದರೆ ಹನ್ನೊಂದಾಯಿತು.

"ಹಂಗಾರ ನೀವು ಅಡಗಿಕೊಂಡೇನೂ ಕುಂತಿಲ್ಲ ಬಿಡ್ರಿ" ಅಂದರು. "ಮತ್ತ ಭಾರ ಆಗಿರೋದು ಏನು?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಹೇಳುತ್ತೇನೆ ಅಂದೆ.

ನಾಲ್ಕನೇ ಸೆಷನ್‌ನಲ್ಲಿ ಹೇಳಿದೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಮೇಷ್ಟ್ರಿಗೆ ಎದೆನೋವು ಬಂತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿ ಫಾರಂ ಕೊಟ್ಟರು. ಅದರಲ್ಲಿ 'ರೋಗಿಗೆ ಸಂಬಂಧ' ಎಂಬ ಜಾಗ. 31 ವರ್ಷ ಇಂಥ ಫಾರಂ ತುಂಬಿಸಿದವನು ನಾನು. ಪೆನ್ನು ನಿಂತುಬಿಟ್ಟಿತು. 'ತಮ್ಮ' ಎಂದು ಬರೆದೆ. ಬೆಳಿಗ್ಗೆ ಮುಂಬೈಯಿಂದ ಅವರ ನಿಜವಾದ ತಮ್ಮ ಬಂದರು. ಎರಡು ತಮ್ಮಂದಿರು ಎಲ್ಲಿಂದ ಬಂದರು ಎಂದು ಕೌಂಟರಿನವನು ನಕ್ಕ. ಒಳಗೆ ಒಬ್ಬರಿಗೇ ಪ್ರವೇಶ. ನಾನು ಹೊರಗೆ ಬೆಂಚಿನ ಮೇಲೆ, ಅವರ ಕನ್ನಡಕ ಮತ್ತು ಚಪ್ಪಲಿ ಇದ್ದ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಕೂತಿದ್ದೆ. ಸ್ಟೆಂಟ್ ಹಾಕಿದರು, ಬದುಕಿ ಬಂದರು. ಆದರೆ ಆ ಕವರ್ ಹಿಡಿದ ಕೈ ಇನ್ನೂ ಬಿಚ್ಚಿರಲಿಲ್ಲ. ಅಮ್ಮ ಹೋದ ಮೇಲೆ ರಾತ್ರಿ ನಿದ್ದೆ ಬಾರದೆ ನಾನು ನೋಡುತ್ತಿದ್ದದ್ದು ಆ ಬೆಂಚನ್ನು.

ಇಷ್ಟು ಹೇಳಿ ನಾನು ಸುಮ್ಮನಾದೆ. ಅವರೂ ಸುಮ್ಮನಾದರು. ಫೋನಿನ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಅವರು ಒಂದು ಮಾತೂ ಆಡಲಿಲ್ಲ, ನೀರು ಕುಡಿಯಿರಿ ಎಂದೂ ಹೇಳಲಿಲ್ಲ. ಸುಮ್ಮನೆ ಎದುರಿಗೆ ಇದ್ದರು. 5 ಸ್ಟಾರ್ ಆ ನಾಲ್ಕು ನಿಮಿಷಕ್ಕೆ.

ಹಾಗಾದರೆ ಆ ಹುಡುಗ ಹೇಳಿದ್ದೇ ಸರಿ ಅಲ್ವಾ, ಹೇಳಿಕೊಂಡಿದ್ದರೆ ಬೆಂಚಿನ ಮೇಲೆ ಕೂರಬೇಕಿರಲಿಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ. ಊರಿಗೆಲ್ಲ ಹೇಳಿದ್ದರೂ ಆ ಫಾರಂನಲ್ಲಿ ಬರೆಯಲು ನನಗೆ ಒಂದು ಶಬ್ದ ಸಿಗುತ್ತಿರಲಿಲ್ಲ. ನಮ್ಮಂಥವರಿಗೆ ಮದುವೆಯ ಹಕ್ಕು ಇಲ್ಲ ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಪೇಪರಿನವರು ಬಳಸುವ 'ಸಲಿಂಗಕಾಮಿ' ಎಂಬ ಪದ ನನಗೆ ಒಂಚೂರೂ ಹಿಡಿಸುವುದಿಲ್ಲ. ಅಕ್ಕ-ಭಾವನ 33 ವರ್ಷದ ಸಂಸಾರಕ್ಕೆ ಯಾರೂ 'ಕಾಮಿ' ಸೇರಿಸುವುದಿಲ್ಲ, ನಮ್ಮ ಹಪ್ಪಳದ ಡಬ್ಬಕ್ಕೆ ಮಾತ್ರ ಯಾಕೆ?

ನನಗೆ ಬೇಕಿದ್ದದ್ದು ಕಾಗದ. ಬ್ಯಾಂಕಿನವನಾಗಿ ಅದು ನನಗೇ ಹೊಳೆಯಬೇಕಿತ್ತು. ನನ್ನಂಥ ಮದುವೆಯಾಗದ ಹಿಂದೂ ಗಂಡಸು ವಿಲ್ ಬರೆಯದೆ ಸತ್ತರೆ, ಅಪ್ಪ ಅಮ್ಮ ಇಲ್ಲದಿದ್ದರೆ, ಆಸ್ತಿ ಒಡಹುಟ್ಟಿದವರಿಗೆ ಹೋಗುತ್ತದೆ. ಮೇಷ್ಟ್ರಿಗೆ ಒಂದು ಚಮಚವೂ ಬರುವುದಿಲ್ಲ. ನಾಮಿನಿ ಮಾಡಿದರೆ ಸಾಕು ಎಂದು ಎಷ್ಟೋ ಜನ ತಿಳಿದಿರುತ್ತಾರೆ. ನಾಮಿನಿ ಹಣ ಪಡೆದುಕೊಳ್ಳುವವನು ಅಷ್ಟೇ, ವಾರಸುದಾರ ಕೇಳಿದರೆ ಕೊಡಬೇಕು. ವಿಲ್ ಬೇಕು. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಬೇಕು, ರಿಜಿಸ್ಟರ್ ಕಡ್ಡಾಯವಲ್ಲ. ನಾನು ಮಾಡಿಸಿದೆ. ಸಾಕ್ಷಿ ಹಾಕಿದವರಲ್ಲಿ ಆ ಸಾಗರದ ಯಜಮಾನರ ಮಗನೂ ಒಬ್ಬ. ಏನು ಎತ್ತ ಎಂದು ಕೇಳದೆ ಸಹಿ ಹಾಕಿದ, ಅಪ್ಪನ ಹಾಗೇ.

ಬ್ಯಾಂಕಿನ ನಾಮಿನೇಶನ್ ಫಾರಂ, ಡಿಎ-1, ನನಗೆ ಕಣ್ಣುಮುಚ್ಚಿ ಗೊತ್ತು. ನನ್ನ ಕಾಲದಲ್ಲಿ ಅದರಲ್ಲೂ ಸಂಬಂಧ ಎಂಬ ಅಂಕಣವಿತ್ತು. ಆದರೆ ಪಕ್ಕದಲ್ಲಿ 'ಇದ್ದರೆ' ಎಂದಿತ್ತು. ಖಾಲಿ ಬಿಟ್ಟರೂ ಫಾರಂ ಸಿಂಧುವಾಗುತ್ತಿತ್ತು. ನಮ್ಮಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಹಣಕಾಸು ಸಚಿವಾಲಯವೂ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಮ್ಮದು 2003ರಿಂದಲೇ ಜಂಟಿ ಖಾತೆ. ಆಗ ಯಾರೂ ಏನೂ ಕೇಳಿರಲಿಲ್ಲ, ಖಾತೆ ತೆರೆದವನು ನಾನೇ.

ಅಕ್ಕನ ಮಗಳಿಗೆ ಇದೆಲ್ಲ ಹೇಳಿದಾಗ ಅವಳು ಒಪ್ಪಲಿಲ್ಲ. "ಮಾಮ, ನಿನಗೆ ಸರ್ಕಾರಿ ಸಂಬಳ ಇತ್ತು, ಸ್ವಂತ ಮನೆ ಇತ್ತು, ಗಂಡಸು ಬೇರೆ. ಅದೃಷ್ಟಕ್ಕೆ ಅಜ್ಜಿ ಅಂಥವಳಿದ್ದಳು. ನನ್ನ ಆಫೀಸಿನ ಹುಡುಗಿ ಒಬ್ಬಳು ಬಾಯಿ ಬಿಡದೆ ಇದ್ದಿದ್ದರೆ ಇಷ್ಟೊತ್ತಿಗೆ ಯಾರದೋ ಮನೆ ಸೊಸೆ ಆಗಿರುತ್ತಿದ್ದಳು" ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ನಿಜ. ಆದರೆ ಆ ಹುಡುಗಿಯ ಬದುಕಿಗೆ ಹೊಲಿದ ಅಂಗಿಯನ್ನು ನನಗೂ ತೊಡಿಸಿ, ಹಿಡಿಸಲಿಲ್ಲ ಅಂದರೆ ಮೈ ಸರಿಯಿಲ್ಲ ಎನ್ನಬೇಡಿ, ಅಷ್ಟೇ.

ಈ ಸೇವೆ ತೆಗೆದುಕೊಳ್ಳುವವರಿಗೆ ನನ್ನ ಸಲಹೆ: ಮೊದಲ ಕರೆಯಲ್ಲೇ "ನಾನು ಏನು ಮಾಡಬೇಕೆಂದು ಹೇಳಬೇಡಿ, ಮೊದಲು ಕೇಳಿ" ಅನ್ನಿ. ದುಡ್ಡಿನ ತೊಂದರೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ, ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೂ ಮಾತಾಡುತ್ತಾರೆ.

ಐದಕ್ಕೆ ನನ್ನದು ಮುಗಿಯಿತು. ನಿದ್ದೆ ಬರುತ್ತಿದೆ. ಆರನೆಯದು ಉಳಿದಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬೇರೆಯವರಿಗೆ ಕೊಡಬಹುದಾ ಎಂದು ಕೇಳಿದೆ.

"ಫ್ಯಾಮಿಲಿ ಮೆಂಬರ್ ಆದ್ರೆ ಮಾತ್ರ ಸರ್" ಅಂದಳು ಹುಡುಗಿ.

"ಹೌದಮ್ಮ" ಅಂದೆ.

"ನಿಮಗೇನಾಗಬೇಕು ಸರ್?"

"ಮೇಷ್ಟ್ರು."

ಆ ಕಡೆ ಕೀಬೋರ್ಡ್ ಸದ್ದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ "ಓಕೆ ಸರ್, ಅಪ್‌ಡೇಟ್ ಮಾಡಿದೀನಿ" ಅಂದಳು. ಏನೆಂದು ಬರೆದುಕೊಂಡಳೋ.

ಶನಿವಾರ ಸಂಜೆ ಮೇಷ್ಟ್ರು ಫೋನ್ ತೆಗೆದುಕೊಂಡು ತಾರಸಿಗೆ ಹೋಗಿ ಬಾಗಿಲು ಹಾಕಿಕೊಂಡರು. 50 ನಿಮಿಷ ಕಳೆದು, ಇನ್ನೂ ಹತ್ತು ನಿಮಿಷ ಆಯಿತು. ಇಳಿದು ಬಂದಾಗ ಕಣ್ಣು ಸ್ವಲ್ಪ ಕೆಂಪಾಗಿತ್ತು. ನಾನು ಏನೂ ಕೇಳಲಿಲ್ಲ.

"ದೋಸೆಗೆ ಅಕ್ಕಿ ನೆನೆಸಿದೀಯೇನೋ?" ಅಂದರು.

ಮರೆತಿದ್ದೆ.